ಆ ಟೀಚರ್ ಯಾಕೆ ಬೈತಿದ್ದಾರೆ?

ಕೊಚ್ಚಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಕನ್ನಡ ಬರುವುದಿಲ್ಲ. ಮೊನ್ನೆ ನಾನು ಊರಿನಿಂದ ಬಂದ ಒಂದು ಪಾಠದ ವಿಡಿಯೋ ನೋಡುತ್ತಿದ್ದೆ. ಅಕ್ಕನ ಮಗನ ಶಾಲೆಯ ವಾಟ್ಸಾಪ್ ಗ್ರೂಪಿಗೆ ಬಂದದ್ದು. ಹುಡುಗಿ ಸ್ವಲ್ಪ ಹೊತ್ತು ಇಣುಕಿ ನೋಡಿ ಕೇಳಿದಳು: "ಅಂಕಲ್, ಆ ಟೀಚರ್ ಯಾಕೆ ಬೈತಿದ್ದಾರೆ?"

ಅವರು ಬೈಯುತ್ತಿರಲಿಲ್ಲ. ದ್ಯುತಿಸಂಶ್ಲೇಷಣೆ ಹೇಳಿಕೊಡುತ್ತಿದ್ದರು.

ನಮ್ಮ ಕಡೆಯ ಪಾಠದ ವಿಡಿಯೋ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಶಾರದೆಯ ಫೋಟೋ, ಕೊಳಲು, ಗಿರಗಿರ ತಿರುಗುವ ಲೋಗೋ. ಆಮೇಲೆ ಬೆಲ್ ಬಟನ್ ಒತ್ತಿ ಅನ್ನುವ ಬೇಡಿಕೆ. ಆಮೇಲೆ ಸ್ಲೈಡ್ ತುಂಬ ಅಕ್ಷರ, ಅದನ್ನೇ ಒಂದೇ ಉಸಿರಿಗೆ ಓದುವುದು. ತೆರೆಯ ಮೇಲಿರುವ ಸಾಲನ್ನೇ ಗಟ್ಟಿಯಾಗಿ ಓದಿದರೆ ಕಲಿಕೆಗೆ ಅಡ್ಡಿಯೇ ಜಾಸ್ತಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಎಂದೋ ಹೇಳಿದ್ದಾರೆ. ಅವರ ತನಕ ಹೋಗುವುದೂ ಬೇಡ, ಅಕ್ಕನ ಮಗನನ್ನು ನೋಡಿದರೆ ಸಾಕು. ಎರಡು ಪಟ್ಟು ಸ್ಪೀಡಿನಲ್ಲಿ ಓಡಿಸಿ, "ಇದು ಪರೀಕ್ಷೆಗೆ ಮುಖ್ಯ" ಅನ್ನುವಲ್ಲಿ ಮಾತ್ರ ನಿಲ್ಲಿಸುತ್ತಾನೆ.

ಇಲ್ಲಿ ಕೇರಳದಲ್ಲಿ ಕೋವಿಡ್ಡಿಗೆ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ರಂದು, ಸರ್ಕಾರದ ಶಿಕ್ಷಣ ಚಾನೆಲ್ ಕೈಟ್ ವಿಕ್ಟರ್ಸಿನಲ್ಲಿ 'ಫಸ್ಟ್ ಬೆಲ್' ಅನ್ನುವ ಟಿವಿ ಪಾಠ ಶುರುವಾಯಿತು. ಒಂದನೇ ತರಗತಿಯ ಟೀಚರ್ ತಂಕು, ಮಿಟ್ಟು ಅನ್ನುವ ಎರಡು ಬೆಕ್ಕುಗಳ ಕಥೆ ಹೇಳಿದರು. ಕಣ್ಣರಳಿಸಿ, ಕೈ ಆಡಿಸಿ, ಎದುರಿಗೆ ಮಕ್ಕಳು ಕೂತೇ ಇದ್ದಾರೆ ಅನ್ನುವ ಹಾಗೆ. ಟ್ರೋಲ್ ಮಾಡಿದವರೂ ಇದ್ದರು, ಆದರೆ ಇಡೀ ಕೇರಳ ಆ ಬೆಕ್ಕುಗಳ ಮಾತಾಡಿತು. ಆಗ ನನ್ನ ಮಗಳೂ ಒಂದನೇ ತರಗತಿ. ಟಿವಿಗೇ ಉತ್ತರ ಕೊಡುತ್ತಿದ್ದಳು! ಪಾಠ ಅರ್ಧ ಗಂಟೆ. ಅದು ಮುಗಿದ ಮೇಲೆ ಅವಳ ಶಾಲೆಯ ಟೀಚರ್ ವಾಟ್ಸಾಪಿನಲ್ಲಿ ಕಾಯುತ್ತಿದ್ದರು. ಬರೆದದ್ದು, ಬಿಡಿಸಿದ್ದು ಎಲ್ಲ ಅವರಿಗೆ ಹೋಗಬೇಕು. ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲೂ ಈ ಪಾಠಗಳನ್ನು ಮಾಡಿದರು.

ನನಗೆ ಸಿಟ್ಟು ಬರುವುದು ಇದಕ್ಕೇ. ನಾನು ಹೊನ್ನಾವರದ ಕಡೆಯವನು. ಯಕ್ಷಗಾನದ್ದೇ ಕೂತು ಆಡುವ ರೂಪ ತಾಳಮದ್ದಲೆ, ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಬರೀ ಮಾತಿನಲ್ಲೇ ಜನರನ್ನು ಬೆಳಗಿನ ತನಕ ಕೂರಿಸುವ ಊರು ನಮ್ಮದು. ಪಾತ್ರವಾಗಿ ಮಾತಾಡುವ ಅರ್ಥಧಾರಿ ಎದುರಿನವನನ್ನು ಕೆಣಕುತ್ತಾನೆ, ಅವನ ಮಾತಿಗೆ ಕಾಯುತ್ತಾನೆ, ಆಮೇಲೆ ಆ ಮಾತನ್ನೇ ಹಿಡಿದುಕೊಳ್ಳುತ್ತಾನೆ. ಇಷ್ಟು ಗೊತ್ತಿರುವ ನಾವು ಕ್ಯಾಮೆರಾ ಇಟ್ಟ ಕೂಡಲೇ ಗೈಡ್ ಪುಸ್ತಕದ ಥರ ಯಾಕೆ ಮಾತಾಡುತ್ತೇವೆ?

ಸರಿ, ಇದನ್ನೂ ಹೇಳಿಬಿಡುತ್ತೇನೆ. ಎರಡನೇ ತಿಂಗಳ ಹೊತ್ತಿಗೆ ನನ್ನ ಮಗಳಿಗೂ ವಿಕ್ಟರ್ಸ್ ಸಾಕಾಗಿತ್ತು. ಪಾಠ ನಡೆಯುತ್ತಿದ್ದಾಗಲೇ ಸೋಫಾದ ಮೇಲೆ ನಿದ್ದೆ. ಇಲ್ಲಿಯ ಪಾಠಕ್ಕೆ ಸ್ಟುಡಿಯೋ, ಕ್ಯಾಮೆರಾದವರು ಎಲ್ಲ ಇದ್ದರು. ಅಲ್ಲಿ ಮೇಷ್ಟ್ರು ಒಬ್ಬರೇ ರಾತ್ರಿ ಊಟವಾದ ಮೇಲೆ ಫೋನನ್ನು ಡಬ್ಬಿಗೆ ಒರಗಿಸಿ ರೆಕಾರ್ಡ್ ಮಾಡಿರುತ್ತಾರೆ. ಅದೇ 2020ರ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಸರ್ಕಾರ 'ವಿದ್ಯಾಗಮ' ಶುರು ಮಾಡಿತು. ಮೇಷ್ಟ್ರುಗಳೇ ಊರೂರಿಗೆ ಹೋಗಿ ಜಗಲಿಯಲ್ಲಿ, ಮರದ ಕೆಳಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ಮುಂದಿನ ಜನವರಿಗೆ ಮತ್ತೆ ಶುರುವಾಯಿತು. ಅದನ್ನು ಯಾವ ಟಿವಿಯೂ ಮೀರಿಸಲಾರದು, ಒಪ್ಪುತ್ತೇನೆ.

ನನ್ನ ಅಕ್ಕನೂ ಟೀಚರ್. ಆಗ ಜಗಲಿಯಲ್ಲಿ ಕೂತು ಮಕ್ಕಳನ್ನು ನಗಿಸುತ್ತಿದ್ದಳು. ಫೋನಿನ ಮುಂದೆ ಮಾತ್ರ ಈಗಲೂ ಬಿಗಿಯಾಗುತ್ತಾಳೆ. "ಕ್ಯಾಮೆರಾ ಹಿಂದೆ ಒಂದು ಮಗೂನ ಕೂರಿಸ್ಕೊಂಡು ಅದಕ್ಕೇ ಹೇಳೇ ಅಕ್ಕಾ" ಅಂದೆ.

"ಅದು ನಡುವೆ ಬಾಯಿ ಹಾಕತ್ತಲ್ಲೋ, ಎಡಿಟ್ ಮಾಡೋರು ಯಾರು?" ಅಂದಳು.

ಎಡಿಟ್ ಯಾಕೆ ಮಾಡಬೇಕು, ಹಾಗೇ ಬಿಡು ಅಂದರೆ ಕೇಳುವುದಿಲ್ಲ.