ಮತ್ತೆ ಅದೇ ಗುಡ್ಡಕ್ಕೆ

ಕಳೆದ ಭಾನುವಾರದ ಫೋಟೊ ಹಾಕಿದ ಕೂಡಲೇ ಗೆಳೆಯರೊಬ್ಬರು ಕೇಳಿದರು: "ಮತ್ತೆ ಅಲ್ಲಿಗೇ ಹೋದಿರಾ? ದೊಡ್ಡ ಬೆಟ್ಟ ಹತ್ತುವುದು ಯಾವಾಗ?" ಅವರು ಪ್ರೀತಿಯಿಂದಲೇ ಕೇಳಿದ್ದು. ಆದರೂ ಆ ಪ್ರಶ್ನೆ ವಾರವಿಡೀ ತಲೆಯಲ್ಲಿ ಕೂತಿತ್ತು. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳುವ ಆರು ಕಿಲೋಮೀಟರಿನ ಕಾಲುದಾರಿಯನ್ನು ನಾವು ಯಾಕೆ ದೊಡ್ಡದಕ್ಕೆ ನಡೆಸುವ ತಾಲೀಮು ಎಂದಷ್ಟೇ ನೋಡುತ್ತೇವೆ? ನನ್ನ ಮಟ್ಟಿಗೆ, ವರ್ಷಕ್ಕೊಮ್ಮೆ ರಜೆ ಹಾಕಿ ಏರುವ ಶಿಖರಕ್ಕಿಂತ ಇಪ್ಪತ್ತು ಸಲ ಹೋಗಿಬರುವ ಸಣ್ಣ ಗುಡ್ಡವೇ ಹೆಚ್ಚು ಕೊಟ್ಟಿದೆ.

ಒಂದು ಬಂಡೆಯ ವಿಷಯ ಹೇಳುತ್ತೇನೆ. ಎರಡನೇ ತಿರುವು ದಾಟಿದ ಮೇಲೆ, ಎಡಕ್ಕೆ, ಸೊಂಟದೆತ್ತರದ ಬಂಡೆ. ಅದರ ಮೈತುಂಬ ಬೂದುಬಣ್ಣದ ಮಚ್ಚೆಗಳು. ಮೊದಲ ಐದಾರು ಸಲ ನಾನು ಅದಕ್ಕೆ ಒರಗಿ ನೀರು ಕುಡಿದಿದ್ದೆನೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಒಂದು ದಿನ ಬಾಟಲಿಯಿಂದ ನಾಲ್ಕು ಹನಿ ಅದರ ಮೇಲೆ ಚೆಲ್ಲಿತು. ಕಣ್ಣೆದುರೇ ಬೂದುಬಣ್ಣ ಕರಗಿ ಹಸಿರು ಮೂಡಿತು. ಅದು ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ ಅದು. ಒಣಗಿದಾಗ ಮೇಲ್ಪದರ ಮಂಕಾಗಿ ಒಳಗಿನ ಪಾಚಿಯನ್ನು ಮರೆಮಾಡುತ್ತದೆ, ನೆನೆದಾಗ ಪಾರದರ್ಶಕವಾಗಿ ಹಸಿರನ್ನು ತೋರಿಸುತ್ತದೆ. ಬಂಡೆಗೆ ಅಂಟಿ ಬೆಳೆಯುವ ಇಂಥವುಗಳಲ್ಲಿ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಅಂದರೆ ನನ್ನ ಅಂಗೈಯಗಲದ ಆ ಮಚ್ಚೆ ಬಹುಶಃ ನನಗಿಂತ ಹಿರಿಯ. 1866ರಲ್ಲಿಯೇ ವಿಲಿಯಂ ನೈಲಾಂಡರ್ ಎಂಬ ಸಸ್ಯವಿಜ್ಞಾನಿ ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಗಮನಿಸಿ, ಗಾಳಿ ಎಷ್ಟು ಶುದ್ಧವಾಗಿದೆ ಎಂಬುದನ್ನು ಇವು ಹೇಳಬಲ್ಲವು ಎಂದು ಬರೆದಿದ್ದ. ಈಗ ಆ ಬಂಡೆಗೆ ಒರಗುವ ಮೊದಲು ಜಾಗ ನೋಡಿಕೊಳ್ಳುತ್ತೇನೆ.

ತುದಿಯ ನೋಟಕ್ಕೆಂದೇ ಓಡುವವರಿಗೆ ಈ ಬಂಡೆ ಸಿಗುವುದಿಲ್ಲ. ಒಮ್ಮೆಗೇ ಎಲ್ಲವನ್ನೂ ನೋಡಿ ಮುಗಿಸುತ್ತೇನೆಂದು ಹೊರಟವರಿಗೂ ಸಿಗುವುದಿಲ್ಲ.

ಊರಿನಿಂದ ದೂರವಲ್ಲದ, ಉದ್ಯಾನದಂತೆ ಕತ್ತರಿಸಿ ಜೋಡಿಸದ, ಹಾಗೆಂದು ದಟ್ಟ ಕಾಡೂ ಅಲ್ಲದ ಇಂಥ ಜಾಗಗಳು ತಾವಾಗಿಯೇ ಉಳಿದಿಲ್ಲ. 1934ರಲ್ಲಿ, ಆರ್ಥಿಕ ಮಹಾಕುಸಿತದ ಆ ಕಷ್ಟದ ದಿನಗಳಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಮತ್ತು ಬರ್ಕ್ಲಿ ಸುತ್ತಮುತ್ತಲಿನ ಮತದಾರರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು, ಊರ ಹಿಂದಿನ ಗುಡ್ಡಗಳನ್ನು ಪ್ರಾದೇಶಿಕ ಉದ್ಯಾನಗಳಾಗಿ ಉಳಿಸಿಕೊಳ್ಳಲು ಒಪ್ಪಿದರು. ನೀರು ಪೂರೈಕೆಯವರಿಗೆ ಬೇಡವಾಗಿದ್ದ ಜಲಾನಯನ ಜಮೀನು ಮಾರಾಟವಾಗಿ ಮನೆಗಳೇಳುವ ಭಯ ಅವರಿಗಿತ್ತು. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಜನ ನಡೆಯುವ ಜಾಗಕ್ಕಾಗಿ ಹಣ ಕೊಟ್ಟರಲ್ಲ, ಅದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ಸಣ್ಣ ದಾರಿಯೆಂಬ ಸಲಿಗೆಗೆ ನಾನೂ ಬೆಲೆ ತೆತ್ತಿದ್ದೇನೆ. ಮೂರು ವರ್ಷದ ಹಿಂದೆ, ನಾಲ್ಕೇ ಕಿಲೋಮೀಟರ್ ಎಂದು ಸಂಜೆ ನಾಲ್ಕೂವರೆಗೆ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೊರಟೆ. ಸೂರ್ಯಾಸ್ತಕ್ಕೆ ಇನ್ನೂ ಎರಡು ಗಂಟೆ ಇತ್ತು. ಆದರೆ ಗುಡ್ಡದ ಮಗ್ಗುಲಲ್ಲಿ ಸೂರ್ಯ ಪಂಚಾಂಗದ ಸಮಯಕ್ಕೆ ಮುಳುಗುವುದಿಲ್ಲ. ಎದುರಿನ ದಿಣ್ಣೆಯ ಹಿಂದೆ ಸರಿದೊಡನೆ ಮರಗಳ ಕೆಳಗೆ ಕತ್ತಲೆ. ಬೇರುಗಳ ಮೇಲೆ ಮೊಬೈಲಿನ ಬೆಳಕು ಬಿಟ್ಟುಕೊಂಡು ಇಳಿದೆವು. ಚಿಕ್ಕವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಕಾರಿನ ಬಳಿ ಬಂದ ಮೇಲೂ ಬಿಡಲಿಲ್ಲ.

ಅಂದಿನಿಂದ ಲೆಕ್ಕ ಹಾಕದೆ ಹೊರಡುವುದಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರ್ ದಾರಿಯಲ್ಲಿ ಮುನ್ನೂರು ಮೀಟರ್ ಏರಿದ್ದರೆ, ಎಲ್ಲೂ ನಿಲ್ಲದೆ ನಡೆದರೂ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಅದು ಗಟ್ಟಿಮುಟ್ಟಾದ ನಡಿಗೆಗಾರರ ಲೆಕ್ಕ. ಮಕ್ಕಳಿದ್ದರೆ ನಾನು ದುಪ್ಪಟ್ಟು ಮಾಡುತ್ತೇನೆ. ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಹೊರಡುವ ಮುನ್ನವೇ ನಿಶ್ಚಯಿಸಿ ಮನೆಯಲ್ಲಿ ಹೇಳಿರುತ್ತೇನೆ. ಆ ಹೊತ್ತಾದರೆ ತುದಿ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿಬಿಡುತ್ತೇನೆ. ನೀರು ಅರ್ಧಕ್ಕೆ ಬಂದರೂ ಅಷ್ಟೇ. ಪ್ರವೇಶದ್ವಾರದ ನಕ್ಷೆಯ ಫೋಟೊ ತೆಗೆದುಕೊಳ್ಳುವುದಕ್ಕೆ ಹತ್ತು ಸೆಕೆಂಡ್ ಸಾಕು, ನೆಟ್‌ವರ್ಕ್ ಸಿಗದ ಕಡೆ ಅದೇ ದಿಕ್ಕು.

ನಿಜವಾಗಿ ಸಿಟ್ಟು ಬರುವುದು ಅಡ್ಡದಾರಿಗಳನ್ನು ಕಂಡಾಗ. ದಾರಿ ಹಾವಿನಂತೆ ಬಳಸಿಕೊಂಡು ಏರುವುದು ನಮ್ಮನ್ನು ಸತಾಯಿಸುವುದಕ್ಕಲ್ಲ, ಮಳೆನೀರು ರಭಸ ಕಟ್ಟಿಕೊಂಡು ಧುಮುಕದಿರಲಿ ಎಂದು. ಇಬ್ಬರು ತಿರುವನ್ನು ತಪ್ಪಿಸಿ ನೇರ ಇಳಿದರೆ ಹುಲ್ಲು ಮಲಗುತ್ತದೆ, ಇಪ್ಪತ್ತು ಜನ ಇಳಿದರೆ ಮಣ್ಣು ಗಟ್ಟಿಯಾಗಿ ನೀರಿಂಗುವುದು ನಿಲ್ಲುತ್ತದೆ. ಆಮೇಲೆ ಆ ಗೆರೆ ಹಿಡಿದೇ ನೀರು ಇಳಿಯುತ್ತದೆ. ನಾಲ್ಕನೇ ತಿರುವಿನಲ್ಲಿ ಈಗ ಮೊಣಕಾಲುದ್ದದ ಕೊರಕಲು ಬಿದ್ದಿದೆ, ಮರದ ಬೇರು ಗಾಳಿಯಲ್ಲಿ ನೇತಾಡುತ್ತಿದೆ. ಅಡ್ಡದಾರಿ ಹಿಡಿದು ಉಳಿಸುವುದೆಲ್ಲ ಸೇರಿ ಒಂದು ನಿಮಿಷ! ಕೆಸರಿದ್ದರೂ ದಯವಿಟ್ಟು ನಡುವೆಯೇ ಕಾಲಿಟ್ಟು ದಾಟಿ. ಶೂ ತೊಳೆಯಬಹುದು, ಅಂಚನ್ನು ತುಳಿದು ಅಗಲಿಸಿದ ದಾರಿ ಮತ್ತೆ ಕಿರಿದಾಗುವುದಕ್ಕೆ ವರ್ಷಗಳು ಬೇಕು. ಹಣ್ಣಿನ ಸಿಪ್ಪೆ ಗೊಬ್ಬರವಾಗುತ್ತದೆ ಎಂದು ಪೊದೆಗೆ ಎಸೆಯುವವರಿಗೂ ಒಂದು ಮಾತು: ಅದು ಕೊಳೆಯಲು ತಿಂಗಳುಗಳೇ ಹಿಡಿಯುತ್ತವೆ, ಅಷ್ಟರೊಳಗೆ ಪ್ರಾಣಿಗಳು ದಾರಿಬದಿಗೆ ಬಂದು ಹುಡುಕುವುದನ್ನು ಕಲಿತಿರುತ್ತವೆ.

ಅಮ್ಮನಿಗೆ ಮೊಣಕಾಲು ನೋವು. ಅವರು ಬರುವುದು ಮೊದಲ ಕಲ್ಲುಬೆಂಚಿನವರೆಗೆ, ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಮೊದಮೊದಲು "ನೀವೆಲ್ಲ ಹೋಗಿ, ನಾನು ಇಲ್ಲೇ ಇರುತ್ತೇನೆ" ಎಂದಾಗ ನನಗೆ ಪಾಪವೆನಿಸುತ್ತಿತ್ತು. ಕಳೆದ ಭಾನುವಾರ ನಾವು ತುದಿಯವರೆಗೆ ಹೋದೆವು. ಮಂಜು ಮುಸುಕಿ ಏನೂ ಕಾಣಲಿಲ್ಲ. ಬೆವರೊರೆಸಿಕೊಳ್ಳುತ್ತ ಕೆಳಗೆ ಬಂದರೆ ಅಮ್ಮ ಬೆರಳನ್ನು ತುಟಿಗಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದರು. ಬೆಂಚಿನ ಎದುರಿನ ಒಣಮರದ ಪೊಟರೆಗೆ ಒಂದು ಹಕ್ಕಿ ಹಾರಿಬಂದಿತು, ಒಳಗೆ ಹೋಯಿತು. "ಹನ್ನೊಂದನೇ ಸಲ," ಎಂದರು ಅಮ್ಮ ಪಿಸುದನಿಯಲ್ಲಿ. "ಪ್ರತಿ ಸಲವೂ ಬಾಯಲ್ಲಿ ಏನೋ ಹುಳ. ಒಳಗೆ ಮರಿಗಳಿವೆ." ನಾವೂ ಕೂತೆವು. ಹದಿನಾಲ್ಕರವರೆಗೆ ಎಣಿಸಿದೆವು.