ಬೊರೆಗೊದ ಉಕ್ಕಿನ ಮೃಗಗಳಿಗೆ ಬೆಂಗಳೂರಿನ ಲೆಕ್ಕ ಹೊಂದುವುದಿಲ್ಲ

ಕ್ಯಾಲಿಫೋರ್ನಿಯಾದ ಬೊರೆಗೊ ಸ್ಪ್ರಿಂಗ್ಸ್‌ನ ಮರಳಲ್ಲಿ ರಿಕಾರ್ಡೊ ಬ್ರೆಸೆಡಾ ಮಾಡಿದ ನೂರಕ್ಕೂ ಹೆಚ್ಚು ಉಕ್ಕಿನ ಶಿಲ್ಪಗಳು ನಿಂತಿವೆ. 2009ರಲ್ಲೇ ಊರಿಗೆ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ (ಕೃತಕ ಬೆಳಕು ಕೆಡಿಸದ ಕತ್ತಲ ಆಕಾಶ) ಮಾನ್ಯತೆ ಸಿಕ್ಕಿದ್ದರಿಂದ ರಾತ್ರಿ ಫೋಟೋದವರಿಗೆ ಇದು ಅಚ್ಚುಮೆಚ್ಚಿನ ತಾಣ. ನಮ್ಮ ಕಡೆಯಿಂದ ಬಂದವರು ಬೆಂಗಳೂರಿನಲ್ಲಿ ಕಲಿತದ್ದನ್ನೇ ಇಲ್ಲಿಯೂ ಮಾಡುತ್ತಾರೆ: ತುಂಬಾ ಅಗಲ ನೋಟದ 14 ಮಿ.ಮೀ. ಲೆನ್ಸ್, ಶಿಲ್ಪದ ಬುಡದಲ್ಲೇ ಟ್ರೈಪಾಡ್, ಕೈಯಲ್ಲಿ ಟಾರ್ಚ್. ಮೂರನ್ನೂ ಬಿಡಬೇಕು ಎನ್ನುತ್ತೇನೆ.

ಮೊದಲೆರಡಕ್ಕೆ ಕಾರಣ ಅಕ್ಷಾಂಶ. ಆಕಾಶಗಂಗೆಯ ನಡುಭಾಗ ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಸುಮಾರು 48 ಡಿಗ್ರಿ ಎತ್ತರಕ್ಕೆ ಏರುತ್ತದೆ. ಬೊರೆಗೊದಲ್ಲಿ 28 ಡಿಗ್ರಿ ದಾಟುವುದಿಲ್ಲ. ಮೂರು ಮೀಟರ್ ಎತ್ತರದ ಕುದುರೆ, ನೆಲದಿಂದ ಅರ್ಧ ಮೀಟರ್ ಮೇಲೆ ಕ್ಯಾಮೆರಾ ಎಂದಿಟ್ಟುಕೊಳ್ಳಿ. ಕುದುರೆಯ ತಲೆ ನಡುಭಾಗಕ್ಕಿಂತ ಎಂಟು ಡಿಗ್ರಿ ಕೆಳಗಿರಬೇಕಾದರೆ ನಮ್ಮ ಕಡೆ ಮೂರು ಮೀಟರ್ ದೂರ ಸಾಕು, ಇಲ್ಲಿ ಏಳು ಮೀಟರ್ ಬೇಕು. ಅದಕ್ಕಿಂತ ತೀರಾ ಹತ್ತಿರ ಹೋದರೆ ಕುದುರೆಯ ಎದೆಯೇ ಆಕಾಶಗಂಗೆಯನ್ನು ಮುಚ್ಚಿಬಿಡುತ್ತದೆ.

ಇನ್ನೂ ಹಿಂದೆ, ಹದಿನೈದು ಮೀಟರ್‌ಗೆ ಸರಿದು 24 ಮಿ.ಮೀ. ಲೆನ್ಸ್ ಹಾಕುವುದು ಮೇಲು. ಫೋಕಸ್ ತಲೆನೋವೂ ತಪ್ಪುತ್ತದೆ. ಎಫ್ 2.8ರಲ್ಲಿ (ಲೆನ್ಸಿನ ದ್ವಾರದ ಅಳತೆ) 24 ಮಿ.ಮೀ. ಲೆನ್ಸಿನ ಹೈಪರ್‌ಫೋಕಲ್ ದೂರ ಸುಮಾರು ಏಳು ಮೀಟರ್. ಅಲ್ಲಿಗೆ ಫೋಕಸ್ ಮಾಡಿದರೆ ಶಿಲ್ಪದಿಂದ ನಕ್ಷತ್ರದವರೆಗೆ ಎಲ್ಲವೂ ಸ್ಪಷ್ಟ ಎನ್ನುತ್ತದೆ ಫೋಕಸ್ ಲೆಕ್ಕದ ಆ್ಯಪ್. ಆದರೆ ನಕ್ಷತ್ರ ಚುಕ್ಕಿಯಷ್ಟೇ ಇರುವುದರಿಂದ ಸಣ್ಣ ಮಸುಕೂ ಎದ್ದು ಕಾಣುತ್ತದೆ. ಲೈವ್ ವ್ಯೂನಲ್ಲಿ ಹಿಗ್ಗಿಸಿ ನಕ್ಷತ್ರಕ್ಕೇ ಫೋಕಸ್ ಮಾಡಿ. ಹದಿನೈದು ಮೀಟರ್ ಆಚೆಗಿನ ಶಿಲ್ಪ ತಾನಾಗಿ ಸರಿಹೋಗುತ್ತದೆ. ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 3200ರಿಂದ 6400, ಶಟರ್ ಹತ್ತು ಸೆಕೆಂಡ್. ಇಪ್ಪತ್ತಕ್ಕೆ ಹೋದರೆ ಚುಕ್ಕಿಗಳು ಗೆರೆಗಳಾಗುತ್ತವೆ.

ದೀಪವನ್ನೂ ಹಿಂದಕ್ಕೆ ಒಯ್ಯಬೇಕು. ಟಾರ್ಚ್ ಬೀಸಿದರೆ ಒಂದು ಫ್ರೇಮ್‌ನಂತೆ ಇನ್ನೊಂದು ಬರುವುದಿಲ್ಲ, ಹತ್ತು ಫ್ರೇಮ್ ಸೇರಿಸಿ ನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು) ಇಳಿಸುವ ದಾರಿಯೇ ಮುಚ್ಚಿಹೋಗುತ್ತದೆ. ಸಣ್ಣ ಎಲ್‌ಇಡಿ ಪ್ಯಾನೆಲ್ ಎರಡು ಸಾಕು. ಎರಡು ಮೀಟರ್ ಸ್ಟ್ಯಾಂಡ್ ಮೇಲೆ, ಶಿಲ್ಪದ ಎರಡೂ ಬದಿಗೆ ಓರೆಯಾಗಿ, ಹದಿನೈದು ಮೀಟರ್ ದೂರದಲ್ಲಿಟ್ಟು, ಬೆಳಕನ್ನು ಕನಿಷ್ಠಕ್ಕಿಳಿಸಿ ಮೇಲೊಂದು ಡಿಫ್ಯೂಸರ್ ಹಾಕಿ. ಒಂದನ್ನು ಇನ್ನೊಂದಕ್ಕಿಂತ ಮಂಕಾಗಿಡಿ, ಇಲ್ಲದಿದ್ದರೆ ಆಕಾರ ಚಪ್ಪಟೆಯಾಗುತ್ತದೆ. ದೂರ ಯಾಕೆಂದರೆ, ದೀಪ ಹತ್ತಿರವಿದ್ದರೆ ಮೂರು ಮೀಟರ್‌ನಲ್ಲಿರುವ ಕಾಲಿಗೆ ಬೀಳುವ ಬೆಳಕಿನ ಕಾಲುಭಾಗ ಮಾತ್ರ ಆರು ಮೀಟರ್‌ನಲ್ಲಿರುವ ಬೆನ್ನಿಗೆ ಬೀಳುತ್ತದೆ: ಕಾಲು ಬೆಳ್ಳಗೆ, ಬೆನ್ನು ಕಪ್ಪು. ತುಕ್ಕು ಹಿಡಿದ ಉಕ್ಕು ಮೊದಲೇ ಕೆಂಪು. 3200 ಕೆಲ್ವಿನ್‌ನ ಹಳದಿ ದೀಪ ಬಿಟ್ಟರೆ ಕಿತ್ತಳೆಯಾಗುತ್ತದೆ, 4000ದ ಆಸುಪಾಸು ಸಾಕು. ತಲೆಗೆ ಕಟ್ಟಿಕೊಳ್ಳುವ ಕೆಂಪು ದೀಪವೂ ನಿರಪಾಯಕಾರಿಯಲ್ಲ. ಪಕ್ಕದವರ ಫ್ರೇಮ್‌ನಲ್ಲಿ ಅದೇ ಎದ್ದು ಕಾಣುತ್ತದೆ, ಶಟರ್ ತೆರೆದಿರುವಾಗ ಆರಿಸಿಡಿ.

ಇಲ್ಲಿನ 350 ಅಡಿಯ ಸರ್ಪ ಶಿಲ್ಪದ್ದು ಬೇರೆ ಕಥೆ. ಅದರ ಮೈ ರಸ್ತೆ ದಾಟಿ ಹೋಗುತ್ತದೆ, ಹಾಗಾಗಿ ಯಾವುದೋ ಕಾರಿನ ಹೆಡ್‌ಲೈಟ್ ಫ್ರೇಮ್ ಕೆಡಿಸಿಯೇ ಕೆಡಿಸುತ್ತದೆ. ಕೆಟ್ಟ ಫ್ರೇಮ್ ಎಸೆದು ಉಳಿದವನ್ನು ಸೇರಿಸಿಕೊಳ್ಳಬಹುದು; ಒಂದೇ ಉದ್ದನೆಯ ಎಕ್ಸ್‌ಪೋಷರ್ ನಂಬಿದವರಿಗೆ ಆ ಅನುಕೂಲವಿಲ್ಲ.

ನಕ್ಷತ್ರಗಳ ಸುತ್ತು ತೆಗೆಯುವವರಿಗಂತೂ ಬೊರೆಗೊ ನಮ್ಮೂರಿಗಿಂತ ವಾಸಿ. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ 13 ಡಿಗ್ರಿಯಷ್ಟೇ ಎತ್ತರ, ಸುತ್ತುಗಳ ಬಹುಪಾಲು ದಿಗಂತದಡಿ ಮುಳುಗುತ್ತದೆ. ಇಲ್ಲಿ ಅದು 33 ಡಿಗ್ರಿ, ಶಿಲ್ಪದ ತಲೆಯ ಮೇಲೇ ಪೂರ್ತಿ ವೃತ್ತ ಕೂರಿಸಬಹುದು. 30 ಸೆಕೆಂಡಿನ 120 ಫ್ರೇಮ್‌ಗೆ ಒಂದು ಗಂಟೆ, ಅಷ್ಟರಲ್ಲಿ ಪ್ರತಿ ನಕ್ಷತ್ರ 15 ಡಿಗ್ರಿಯ ಕಮಾನು ಬರೆಯುತ್ತದೆ. ಪ್ಯಾನೆಲ್ ಮೊದಲ ಫ್ರೇಮ್‌ಗೆ ಮಾತ್ರ ಹಚ್ಚಿ.

ಕಾಲದಲ್ಲೂ ವ್ಯತ್ಯಾಸವಿದೆ. ಊರಲ್ಲಿ ಜೂನ್ ಬಂತೆಂದರೆ ಮೋಡ. ಇಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ಸೆನ್ಸರ್ ಬಿಸಿಯಾಗಿ ಕೆಂಪು ನೀಲಿ ಚುಕ್ಕಿಗಳು ಮೂಡುತ್ತವೆ. ಮಾರ್ಚ್‌ನಿಂದ ಮೇವರೆಗಿನ ಅಮಾವಾಸ್ಯೆಗಳು ವಾಸಿ. ಆಗ ಗಾಳಿ ಜೋರು. ಟ್ರೈಪಾಡ್‌ಗೆ ಬ್ಯಾಗ್ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ. ತೂಗಾಡಿದರೆ ಕ್ಯಾಮೆರಾವನ್ನೂ ಅಲುಗಾಡಿಸುತ್ತದೆ.