ಸೆಡ್ಲೆಟ್ಸ್: ಮೂಳೆಯ ಗೋಪುರ ಸರಿ, ಮೂಳೆಯ ಲಾಂಛನ ಅತಿಯಾಯಿತು

ಪ್ರಾಗ್ ನೋಡಲು ಬರುವ ನಮ್ಮವರೆದುರು ಕುಟ್ನಾ ಹೋರಾ ಊರಿನ ಸೆಡ್ಲೆಟ್ಸ್ ಅಸ್ಥಿಮಂದಿರದ, ಅಂದರೆ ಮನುಷ್ಯರ ಮೂಳೆಗಳನ್ನು ಜೋಡಿಸಿಟ್ಟ ಪ್ರಾರ್ಥನಾಗೃಹದ, ಹೆಸರೆತ್ತಿದರೆ ಸಾಕು, ಹಲವರು ಮುಖ ಕಿವುಚುತ್ತಾರೆ. ತಪ್ಪೇನಿಲ್ಲ. ಸುಡುವ ಮನೆತನಗಳಲ್ಲಿ ಅಸ್ಥಿಯ ಮಡಕೆಗೆ ಹೊಸಿಲೊಳಗೆ ಪ್ರವೇಶವಿಲ್ಲ. ಪಶ್ಚಿಮವಾಹಿನಿಯಲ್ಲೋ ಹತ್ತಿರದ ಹೊಳೆಯಲ್ಲೋ ಬಿಟ್ಟರೆ ಅಲ್ಲಿಗೆ ಮುಗಿಯಿತು. ಹೂಳುವ ಲಿಂಗಾಯತರಲ್ಲೂ ಸಮಾಧಿಯನ್ನು ಮತ್ತೆ ಅಗೆಯುವ ರೂಢಿಯಿಲ್ಲ.

ಜೆಕ್ ನಾಡಿನ ಬೊಹೀಮಿಯಾದ ಕ್ಯಾಥೊಲಿಕರ ಲೆಕ್ಕವೇ ಬೇರೆ. 1278ರಲ್ಲಿ ಇಲ್ಲಿನ ಮಠಾಧಿಪತಿ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದ ಹಿಡಿಮಣ್ಣು ತಂದು ಸ್ಮಶಾನದಲ್ಲಿ ಚೆಲ್ಲಿದರೆಂದು ಪ್ರತೀತಿ. ದೂರದವರೂ ಇಲ್ಲೇ ಮಣ್ಣಾಗಲು ಬಯಸಿದರು. ಮುಂದೆ ಪ್ಲೇಗು, ಹುಸೈಟ್ ಎಂಬ ಧಾರ್ಮಿಕ ಯುದ್ಧಗಳು ಬಂದು ಜಾಗ ಸಾಲಲಿಲ್ಲ. ಹಳೆಯ ಮೂಳೆಗಳನ್ನು ತೆಗೆದು ಚರ್ಚಿನ ಕೆಳಗಿನ ಪ್ರಾರ್ಥನಾಗೃಹದಲ್ಲಿ ಒಟ್ಟಿದರು. ಅಂದಾಜು 40,000 ಜನರದ್ದಾದರೂ ಇರಬೇಕು. ಅಂತಿಮ ದಿನ ಎದ್ದುಬರುವವರು ಅಲ್ಲಿಯವರೆಗೆ ಒಟ್ಟಿಗಿರಲಿ ಎಂಬ ನಂಬಿಕೆ. ಮೂಲೆಗಳಲ್ಲಿ ಮೂಳೆ ಒಟ್ಟಿ ಕಟ್ಟಿದ ಪಿರಮಿಡ್ಡುಗಳನ್ನು ಹಾಗೆ ನೋಡಿದರೆ ಹೇವರಿಕೆ ಕರಗುತ್ತದೆ.

ನನ್ನ ತಕರಾರು 1870ರ ಅಲಂಕಾರದ ಬಗ್ಗೆ. ಶ್ವಾರ್ಜೆನ್‌ಬರ್ಗ್ ಜಮೀನುದಾರರು ನೇಮಿಸಿದ ಮರಗೆತ್ತನೆಯ ಫ್ರಾಂಟಿಷೆಕ್ ರಿಂಟ್ ಮೂಳೆಗಳನ್ನು ಬಿಳಿಚಿಸಿ ತೂಗುದೀಪ ಮಾಡಿದ. ದೇಹದ ಪ್ರತಿಯೊಂದು ಬಗೆಯ ಮೂಳೆಯೂ ಅದರಲ್ಲಿದೆ ಎನ್ನುತ್ತಾರೆ. ಕುಸುರಿ ಅದ್ಭುತ, ಒಪ್ಪೋಣ. ಆದರೆ ಧಣಿಯ ವಂಶಲಾಂಛನವನ್ನೂ ಯಾರದ್ದೋ ಮೂಳೆಯಲ್ಲೇ ಕಟ್ಟಿದ್ದಾನೆ; ಅದರಲ್ಲಿ ಕಾಗೆಯೊಂದು ತುರ್ಕನ ತಲೆಯ ಕಣ್ಣು ಕುಕ್ಕುತ್ತಿದೆ. 1598ರಲ್ಲಿ ಒಟ್ಟೊಮನ್ನರಿಂದ ಕೋಟೆ ಗೆದ್ದ ಹೆಮ್ಮೆ. ಸತ್ತವರ ಅನುಮತಿ ಯಾರು ಕೇಳಿದರು? ಸಾಲದ್ದಕ್ಕೆ ಗೋಡೆಯ ಮೇಲೆ ಮೂಳೆಯಲ್ಲೇ ರಿಂಟ್‌ನ ಸಹಿ ಬೇರೆ!

2020ರಿಂದ ಅನುಮತಿಯಿಲ್ಲದೆ ಫೋಟೊ ತೆಗೆಯುವಂತಿಲ್ಲ. ತಲೆಬುರುಡೆಗಳಿಗೆ ಟೋಪಿ, ಕನ್ನಡಕ ತೊಡಿಸುವ ಪ್ರವಾಸಿಗರು ಹೆಚ್ಚಾಗಿದ್ದರು. ಈ ನಿರ್ಬಂಧ ಮೊದಲೇ ಬರಬೇಕಿತ್ತು.

ಪ್ರಾಗಿನ ಮುಖ್ಯ ನಿಲ್ದಾಣದಿಂದ ಕುಟ್ನಾ ಹೋರಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಇಳಿಯಬೇಕಾದ್ದು ಅಲ್ಲಿನ ಮುಖ್ಯ ನಿಲ್ದಾಣದಲ್ಲಿ. ಲೋಕಲ್ ಹಿಡಿದು ಪೇಟೆಯ ನಿಲ್ದಾಣವಾದ ‘ಮ್ಯೆಸ್ತೊ’ಗೆ ಹೋದರೆ ಹಳೆಯ ಪೇಟೆ ಸೇರಿ ಹಿಂದಿರುಗಬೇಕಾಗುತ್ತದೆ. ಮುಖ್ಯ ನಿಲ್ದಾಣದಿಂದ ಅಸ್ಥಿಮಂದಿರಕ್ಕೆ ಕಾಲು ಗಂಟೆಯ ನಡಿಗೆ. ಟಿಕೆಟ್ ಬಾಗಿಲಲ್ಲಿ ಕೊಡುವುದಿಲ್ಲ, ಜಾಮೆತ್ಸ್ಕಾ ಬೀದಿಯ ಮಾಹಿತಿ ಕೇಂದ್ರದಲ್ಲಿ ಸಿಗುತ್ತದೆ. ಒಳಗೆ ಅರ್ಧ ಗಂಟೆ ಧಾರಾಳ. 2014ರಿಂದ ದುರಸ್ತಿ ನಡೆದಿದ್ದು, ಪಿರಮಿಡ್ಡುಗಳನ್ನು ಬಿಚ್ಚಿ, ಶುಚಿಗೊಳಿಸಿ, ಮರಳಿ ಜೋಡಿಸುವುದೂ ಅದರ ಭಾಗ. ಆದ್ದರಿಂದ ಮೂಲೆಯೊಂದು ಖಾಲಿ ಕಂಡರೆ ಗಾಬರಿ ಬೇಡ. ಇದೇ ಊರಿನ ಸಂತ ಬಾರ್ಬರಾ ಚರ್ಚ್ ಅಸ್ಥಿಮಂದಿರದಿಂದ ಇನ್ನೂ ಎರಡೂವರೆ ಕಿಲೋಮೀಟರಿಗಿಂತ ದೂರ. ಹಿರಿಯರು ಜೊತೆಗಿದ್ದರೆ ಬಸ್ ಹಿಡಿಯಿರಿ.